ನಿಮಗಿದು ಗೊತ್ತೆ? ಮಿದುಳಿನ ದಾರಿಗೆ ಅಡ್ಡ ಬರುವ ಪುಟ್ಟ ಚೀಲ

ನಮ್ಮ ಮಿದುಳಿನಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ತಿಳಿದ್ರವ ಉತ್ಪತ್ತಿಯಾಗಿ, ಕುಹರಗಳ ಮೂಲಕ ಹರಿದು ಕೊನೆಗೆ ರಕ್ತ ಸೇರುತ್ತದೆ. ಈ ಹರಿವಿನ ಇಕ್ಕಟ್ಟಾದ ಜಾಗಗಳಲ್ಲಿ ಮೂರನೇ ಕುಹರದ ಬಾಯಿಯೂ ಒಂದು. ಭ್ರೂಣದ ಬೆಳವಣಿಗೆಯಲ್ಲಿ ಅಲ್ಲೇ ಉಳಿದ ಜೀವಕೋಶಗಳಿಂದ, ಅಂಟುದ್ರವ ತುಂಬಿದ ಚೀಲವೊಂದು ಅಪರೂಪಕ್ಕೆ ರೂಪುಗೊಳ್ಳುತ್ತದೆ. ಅದೇ ಕೊಲಾಯ್ಡ್ ಸಿಸ್ಟ್.

ಇದು ಕ್ಯಾನ್ಸರ್ ಅಲ್ಲ. ಆದರೆ ದ್ರವದ ದಾರಿ ಕಟ್ಟಿದರೆ ಒಳಗಿನ ಒತ್ತಡ ಏರಿ ತಲೆನೋವು, ವಾಂತಿ, ಮಂಜಾದ ದೃಷ್ಟಿ, ಮರೆವು ಕಾಣಿಸಿಕೊಳ್ಳುತ್ತವೆ. ಅಪರೂಪಕ್ಕೆ ಹಠಾತ್ ಸಾವೂ ಉಂಟು. ಥಟ್ಟನೆ ಬಂದು, ಮಲಗಿದಾಗ ಎದ್ದಾಗ ಏರಿಳಿಯುವ ತಲೆನೋವನ್ನು ಮೈಗ್ರೇನ್ ಎಂದುಕೊಂಡು ಮಾತ್ರೆ ನುಂಗುತ್ತ ಕೂರುವುದು ಅಪಾಯ. ಸಿ.ಟಿ. ಸ್ಕ್ಯಾನ್‌ನಲ್ಲಿ ಇದು ಹೆಚ್ಚಾಗಿ ಬೆಳ್ಳಗಿನ ದುಂಡು ಚುಕ್ಕೆಯಾಗಿ ಕಾಣುತ್ತದೆ. ಹುಟ್ಟಿನಿಂದಲೇ ಬಂದ ತೊಂದರೆಯಾದರೂ ಬಹುಪಾಲು ಪತ್ತೆಯಾಗುವುದು ದೊಡ್ಡವರಾದ ಮೇಲೆ.

ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ 1921ರಲ್ಲಿ ಇಂಥ ಚೀಲವನ್ನು ಮೊದಲ ಬಾರಿಗೆ ಯಶಸ್ವಿಯಾಗಿ ಹೊರತೆಗೆದರು. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಎಂಥ ಎದೆಗಾರಿಕೆ! ಈಗ ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಎಂಡೋಸ್ಕೋಪ್ ಇಳಿಸಿ, ಒಳಗಿನ ಅಂಟನ್ನು ಹೀರಿ, ಚೀಲದ ಗೋಡೆಯನ್ನೂ ಬಿಡಿಸುತ್ತಾರೆ. ನೆನಪಿಗೆ ಆಧಾರವಾದ ನರತಂತುಗಳು ಪಕ್ಕದಲ್ಲೇ ಹಾದುಹೋಗುವುದರಿಂದ ಕೈ ಬಹಳ ಹಗುರವಾಗಿರಬೇಕು. ಕೆಲವೊಮ್ಮೆ ತೆರೆದ ಶಸ್ತ್ರಚಿಕಿತ್ಸೆಯೇ ಸೂಕ್ತ.

ಚೀಲವು 1 ಸೆಂ.ಮೀ.ಗಿಂತ ಚಿಕ್ಕದಾಗಿದ್ದು ತೊಂದರೆ ಕೊಡದಿದ್ದರೆ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಅವಸರಿಸದೆ ಆಗಾಗ ಎಂ.ಆರ್.ಐ. ಮಾಡಿಸಿ ಗಮನಿಸುತ್ತಾರೆ.