ವಿಜ್ಞಾನ ಪದವಿಯ ಅನಂತರ ಮಾಹಿತಿ ತಂತ್ರಜ್ಞಾನ

ಬಿ.ಎಸ್‌ಸಿ. ತರಗತಿಯಲ್ಲಿ ಭೌತವಿಜ್ಞಾನವನ್ನೋ ರಸಾಯನವಿಜ್ಞಾನವನ್ನೋ ಅಭ್ಯಾಸ ಮಾಡಿದವರು ಮುಂದೆ ಮಾಹಿತಿ ತಂತ್ರಜ್ಞಾನದ ಕಡೆಗೆ ತಿರುಗಬಹುದೆ? ಅದು ಎಂಜಿನಿಯರಿಂಗ್ ಓದಿದವರಿಗೆ ಮೀಸಲಾದ ಕ್ಷೇತ್ರವಲ್ಲವೆ? ಅನೇಕ ವಿದ್ಯಾರ್ಥಿಗಳನ್ನು ಕಾಡುವ ಪ್ರಶ್ನೆಯಿದು. ಎರಡು ವರ್ಷಗಳ ಕಾಲವನ್ನೂ ತಂದೆತಾಯಿಗಳ ಹಣವನ್ನೂ ವೆಚ್ಚಮಾಡುವ ಮೊದಲು ಆ ವ್ಯಾಸಂಗದ ತಿರುಳೇನೆಂಬುದನ್ನು ನಾವು ಅರಿಯುವುದು ಒಳ್ಳೆಯದು.

ಗಣಕಯಂತ್ರವನ್ನು ನಡೆಸಲು ಕಲಿಯುವುದೇ ಈ ವ್ಯಾಸಂಗವೆಂಬ ಭಾವನೆ ಬಹುಮಂದಿಯಲ್ಲಿದೆ. ಅದು ಸರಿಯಲ್ಲ. ಯಂತ್ರಗಳು ಬೇಗನೆ ಹಳತಾಗುತ್ತವೆ. ಹಳತಾಗದ ತತ್ತ್ವಗಳನ್ನು ತಿಳಿಯುವುದೇ ಸ್ನಾತಕೋತ್ತರ ಶಿಕ್ಷಣದ ಗುರಿ. ಅಂಥ ಒಂದು ತತ್ತ್ವವನ್ನು ಇಲ್ಲಿ ಪರಿಶೀಲಿಸೋಣ.

ಅಕಾರಾದಿಯಾಗಿ ಜೋಡಿಸಿದ 10 ಲಕ್ಷ ಹೆಸರುಗಳ ಪಟ್ಟಿಯಲ್ಲಿ ಒಂದು ಹೆಸರನ್ನು ಹುಡುಕಬೇಕಾಗಿದೆ ಎನ್ನೋಣ. ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋದರೆ 10 ಲಕ್ಷ ಸಲ ಹೋಲಿಸಬೇಕಾಗಿ ಬಂದೀತು. ಅದರ ಬದಲು ಪಟ್ಟಿಯ ನಟ್ಟನಡುವಿನ ಹೆಸರನ್ನು ನೋಡಿದರೆ, ನಮಗೆ ಬೇಕಾದುದು ಅದರ ಹಿಂದಿದೆಯೋ ಮುಂದಿದೆಯೋ ತಿಳಿಯುತ್ತದೆ. ಅರ್ಧ ಪಟ್ಟಿಯನ್ನು ಒಮ್ಮೆಲೇ ಬಿಟ್ಟುಬಿಡಬಹುದು. ಹೀಗೆಯೇ ಅರ್ಧಿಸುತ್ತ ಹೋದರೆ 10 ಹೆಜ್ಜೆಗಳಲ್ಲಿ ಸುಮಾರು 1,000 ಹೆಸರುಗಳು ಉಳಿಯುತ್ತವೆ. 20 ಹೆಜ್ಜೆಗಳಲ್ಲಿ ಕೆಲಸ ಮುಗಿಯುತ್ತದೆ. ಏಕೆಂದರೆ 2ರ 20ನೆಯ ಘಾತ 10,48,576.

ಆ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದು ಹೇಗೆ? ಪ್ರತಿ ಹೆಸರನ್ನೂ ಉಳಿದೆಲ್ಲ ಹೆಸರುಗಳೊಡನೆ ಹೋಲಿಸಿದರೆ ಸುಮಾರು 50,000 ಕೋಟಿ ಹೋಲಿಕೆಗಳಾಗುತ್ತವೆ. ಸೆಕೆಂಡಿಗೆ ಒಂದು ಕೋಟಿ ಹೋಲಿಕೆಗಳನ್ನು ಮಾಡುವ ಯಂತ್ರಕ್ಕೂ ಇದು ಹೆಚ್ಚು ಕಡಿಮೆ 14 ಗಂಟೆಗಳ ಕೆಲಸ. ಚಿಕ್ಕ ಪಟ್ಟಿಗಳನ್ನು ಜೋಡಿಸಿ, ಎರಡೆರಡನ್ನು ಕೂಡಿಸುತ್ತ ದೊಡ್ಡದು ಮಾಡುವ ಇನ್ನೊಂದು ಕ್ರಮದಲ್ಲಿ ಸುಮಾರು 2 ಕೋಟಿ ಹೋಲಿಕೆಗಳು ಸಾಕು. ಎರಡು ಸೆಕೆಂಡುಗಳ ಕೆಲಸ. ಯಂತ್ರ ಅದೇ; ಬದಲಾದುದು ವಿಚಾರ ಮಾತ್ರ. ಇಂಥ ವಿಚಾರಗಳ ಜೊತೆಗೆ ದತ್ತಾಂಶವನ್ನು ಇಡುವ ಬಗೆ, ಯಂತ್ರಗಳು ಪರಸ್ಪರ ಸಂದೇಶ ಕಳಿಸುವ ನಿಯಮಗಳು, ಮಾಹಿತಿಯ ರಕ್ಷಣೆ ಮೊದಲಾದವನ್ನು ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ.

ಇಲ್ಲಿ ವಿಜ್ಞಾನ ಪದವೀಧರರು ಬರಿಗೈಯವರಲ್ಲ. ಮೇಲಿನ 20 ಎಂಬ ಸಂಖ್ಯೆ ಅವರಿಗೆ ಪರಿಚಿತವಾದ ಲಾಗರಿತಮ್ಮೇ ಹೊರತು ಬೇರೆಯಲ್ಲ. ಪ್ರಯೋಗಶಾಲೆಯಲ್ಲಿ ಅಳತೆಯ ದೋಷವನ್ನು ಲೆಕ್ಕಹಾಕಿದ ಅಭ್ಯಾಸವೂ ನೆರವಿಗೆ ಬರುತ್ತದೆ. ಜೀವವಿಜ್ಞಾನ ಓದಿದವರಿಗೂ ಇಲ್ಲಿ ಎಡೆಯುಂಟು: ಸುಮಾರು 300 ಕೋಟಿ ಅಕ್ಷರಗಳಷ್ಟಿರುವ ಮಾನವನ ತಳಿಲಿಪಿಯನ್ನು ಗಣಕದ ನೆರವಿಲ್ಲದೆ ಓದುವಂತಿಲ್ಲ.

ಭಾರತದಲ್ಲಿ ಗಣಕಶಿಕ್ಷಣಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬರಾದ ಪ್ರೊಫೆಸರ್ ವಿ. ರಾಜಾರಾಮನ್ 1952ರಲ್ಲಿ ಪಡೆದುದು ಭೌತವಿಜ್ಞಾನದ ಬಿ.ಎಸ್‌ಸಿ. ಆನರ್ಸ್ ಪದವಿ. ಅನಂತರ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದರು, 1963ರಲ್ಲಿ ಐ.ಬಿ.ಎಂ. 1620 ಗಣಕ ಬಂದಿಳಿದ ಕಾನ್ಪುರದ ಐ.ಐ.ಟಿ.ಯಲ್ಲಿ ಬೋಧಿಸಿದರು. ಎಂ.ಸಿ.ಎ. ಶಿಕ್ಷಣ ನಮ್ಮ ದೇಶದಲ್ಲಿ ನೆಲೆಗೊಳ್ಳಲು ಅವರೂ ಮುಖ್ಯ ಕಾರಣರು.

ಮೂರು ವರ್ಷಗಳದಾಗಿದ್ದ ಎಂ.ಸಿ.ಎ. 2020–21ರಿಂದ ಎರಡು ವರ್ಷಗಳದಾಗಿದೆ. ಕರ್ನಾಟಕದಲ್ಲಿ ಇದರ ಪ್ರವೇಶಕ್ಕೆ ಪಿ.ಜಿ.ಸಿ.ಇ.ಟಿ. ಪರೀಕ್ಷೆಯುಂಟು, ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳಿಗೆ ‘ನಿಮ್‌ಸೆಟ್’ ಪರೀಕ್ಷೆ. ಎರಡನೆಯದರಲ್ಲಿ ಗಣಿತಕ್ಕೆ ದೊಡ್ಡ ಪಾಲು. ಪಿ.ಯು.ಸಿ.ಯಲ್ಲಾಗಲಿ ಪದವಿಯಲ್ಲಾಗಲಿ ಗಣಿತ ಓದಿದವರಿಗೆ ದಾರಿ ಸುಗಮ. ಓದದವರು ಆಯಾ ವಿಶ್ವವಿದ್ಯಾನಿಲಯದ ನಿಯಮವನ್ನು ಮೊದಲೇ ವಿಚಾರಿಸತಕ್ಕದ್ದು. ಮಾಹಿತಿ ತಂತ್ರಜ್ಞಾನದಲ್ಲಿ ಎಂ.ಎಸ್‌ಸಿ. ಪದವಿಯನ್ನು ನೀಡುವ ವಿಶ್ವವಿದ್ಯಾನಿಲಯಗಳೂ ಉಂಟು.

ನೆರೆಯವರು ಸೇರಿದರೆಂದು ಸೇರುವುದು ವಿವೇಕವಲ್ಲ. ನಮ್ಮ ಒಲವನ್ನು ಪರೀಕ್ಷಿಸಲು ಸುಲಭವಾದ ಉಪಾಯವಿದೆ. ಪೈಥಾನ್‌ನಂಥ ಉಚಿತ ಭಾಷೆಯೊಂದನ್ನು ತೆಗೆದುಕೊಂಡು, ಗಾಳಿಯ ತಡೆಯನ್ನು ಎದುರಿಸುತ್ತ ಬೀಳುವ ಕಲ್ಲಿನ ವೇಗವನ್ನು ಲೆಕ್ಕ ಹಾಕಲು ಯತ್ನಿಸೋಣ. ಮೊದಲ ಸಲ ಉತ್ತರ ತಪ್ಪಿಬರುವುದು ಸಹಜ. ತಪ್ಪು ಎಲ್ಲಿದೆಯೆಂದು ಹುಡುಕುವಾಗ ಬೇಸರವಾಗದೆ ಕುತೂಹಲ ಹೆಚ್ಚಿದರೆ, ಈ ವಿದ್ಯೆ ನಮಗೆ ಒಗ್ಗುವುದೆಂದು ಧೈರ್ಯವಾಗಿ ಹೇಳಬಹುದು.