ಕೊನೆಯ ಸಲ ಹಾಡಿದ್ದು ಯಾವಾಗ?

‘ನಿಮಗೆ ಹಾಡುವುದು ಇಷ್ಟವೇ?’

ಐಇಎಲ್‌ಟಿಎಸ್ ಪರೀಕ್ಷೆಯ ಕೋಣೆಯಲ್ಲಿ ಎದುರಿಗೆ ಕೂತ ಮೇಡಂ ಇಂಗ್ಲಿಷಿನಲ್ಲಿ ಹೀಗೆ ಕೇಳಿದಾಗ ಒಳಗೊಳಗೇ ಕುಣಿದಾಡಿದೆ. ಕೋಚಿಂಗ್ ಕ್ಲಾಸಿನ ಜೆರಾಕ್ಸ್ ಹಾಳೆಯಲ್ಲಿ ಇದಕ್ಕೆ ಉತ್ತರವಿತ್ತು. ‘ಹಾಡೆಂದರೆ ನನಗೆ ಪ್ರಾಣ. ಮನಸ್ಸಿನ ಭಾರ ಇಳಿಯುತ್ತದೆ. ದಿನಾ ಸ್ನಾನ ಮಾಡುವಾಗ ಹಾಡುತ್ತೇನೆ. ಮೆಚ್ಚಿನ ಗಾಯಕಿ ಟೇಲರ್ ಸ್ವಿಫ್ಟ್’ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಟೇಲರ್ ಸ್ವಿಫ್ಟ್‌ಳ ಒಂದು ಹಾಡನ್ನೂ ನಾನು ಪೂರ್ತಿ ಕೇಳಿರಲಿಲ್ಲ!

‘ಹೌದಾ? ಕೊನೆಯ ಸಲ ಹಾಡಿದ್ದು ಯಾವಾಗ?’ ಎಂದರು ಮೇಡಂ.

ಅದು ಹಾಳೆಯಲ್ಲಿರಲಿಲ್ಲ. ಬಾಯಿ ಒಣಗಿತು.

ನಿಜ ಹೇಳಬೇಕೆಂದರೆ ನಾನು ಹಾಡುವುದೇ ಇಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ 15ರ ಗುಂಪುಗೀತೆಯ ತಾಲೀಮಿನಲ್ಲಿ, ‘ನೀ ಹಿಂದ ನಿಂತು ಬರೇ ಬಾಯಿ ಆಡಸವಾ, ದನಿ ತಗೀಬ್ಯಾಡ’ ಎಂದಿದ್ದರು. ಗೆಳತಿಯರು ನಕ್ಕರು. ಅಂದಿನಿಂದ ಆರತಿ ಹಾಡಿಗೂ ನಾನು ಬರೀ ತುಟಿ ಆಡಿಸುವವಳೇ.

ಆ ಪರೀಕ್ಷೆಯ ಮಾತಿನ ಭಾಗದಲ್ಲಿ 6 ಬಂತು. ಬ್ರಿಟನ್ನಿನಲ್ಲಿ ನರ್ಸ್ ಆಗಲು 7 ಬೇಕು. ಶುಲ್ಕವೇ ಹದಿನೈದು ಸಾವಿರ ದಾಟುತ್ತದೆ. ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗ ನಿಂತ ಮೇಲೆ ಅಪ್ಪ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾರೆ. ಅವರನ್ನು ಇನ್ನೊಮ್ಮೆ ಕೇಳಲು ಮನಸ್ಸು ಬರಲಿಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ನಾಲ್ಕು ತಿಂಗಳು ದುಡ್ಡು ಕೂಡಿಸಿದೆ.

ಆಗಲೇ ಪರೀಕ್ಷೆಯ ನಿಯಮಗಳನ್ನು ಸರಿಯಾಗಿ ಓದಿದ್ದು. ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಮೊದಲು ನಮ್ಮ ಮನೆ, ಊರು, ಹವ್ಯಾಸಗಳ ಬಗ್ಗೆ ಸಣ್ಣ ಪ್ರಶ್ನೆಗಳು. ಆಮೇಲೆ ಒಂದು ಚೀಟಿ ಕೊಡುತ್ತಾರೆ. ಒಂದು ನಿಮಿಷ ಯೋಚಿಸಿ, ಎರಡು ನಿಮಿಷದವರೆಗೆ ಮಾತಾಡಬೇಕು. ಕೊನೆಗೆ ಅದೇ ವಿಷಯದ ಮೇಲೆ ಚರ್ಚೆ. ಅಂಕ ನಾಲ್ಕಕ್ಕೆ: ತಡೆಯಿಲ್ಲದೆ, ಒಂದಕ್ಕೊಂದು ಹೊಂದುವಂತೆ ಮಾತಾಡುವುದು, ಪದಸಂಪತ್ತು, ವ್ಯಾಕರಣ ಮತ್ತು ಉಚ್ಚಾರಣೆ. ಹಾಡಲು ಬರುತ್ತದೆಯೋ ಇಲ್ಲವೋ ಎಂಬುದಕ್ಕೆ ಅಂಕವೇ ಇಲ್ಲ! ‘ಇಲ್ಲ, ನಾನು ಹಾಡುವುದಿಲ್ಲ’ ಎಂದು ಹೇಳಿ ಕಾರಣ ಕೊಟ್ಟಿದ್ದರೂ ಸಾಕಿತ್ತು. ಏಳನೇ ಕ್ಲಾಸಿನ ಆ ಕಥೆ ಹೇಳಿದ್ದರೆ ಭೂತಕಾಲದ ವಾಕ್ಯಗಳು ತಾವಾಗಿಯೇ ಬರುತ್ತಿದ್ದವು. ಉರು ಹೊಡೆದ ಉತ್ತರದ ಗುರುತು ಪರೀಕ್ಷಕರಿಗೆ ಸಿಕ್ಕೇ ಸಿಗುತ್ತದೆ. ಅದರ ಮುಂದಿನ ಪ್ರಶ್ನೆಗೆ ನಮ್ಮ ಹತ್ತಿರ ಏನೂ ಇರುವುದಿಲ್ಲ.

ಜೆರಾಕ್ಸ್ ಹಾಳೆ ಬದಿಗಿಟ್ಟು ಅಜ್ಜಿಯ ಮುಂದೆ ಕೂತೆ. ‘ನಿಮ್ಮ ಮನೆಯಲ್ಲಿ ಯಾರು ಹಾಡುತ್ತಾರೆ?’ ಎಂದು ನಾನೇ ಕೇಳಿಕೊಂಡು, ಮೊಬೈಲಿನಲ್ಲಿ ಎರಡು ನಿಮಿಷದ ಟೈಮರ್ ಇಟ್ಟು ಇಂಗ್ಲಿಷಿನಲ್ಲಿ ಉತ್ತರ ಹೇಳತೊಡಗಿದೆ. ಅಜ್ಜ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರೆ ಅಜ್ಜಿ ರಾಟಿಯ ಮುಂದೆ ಕೂತು ಕಂಡಿಕಿ ಸುತ್ತುತ್ತಾ ಪದ ಹಾಡುತ್ತಿದ್ದಳು. ಮಗ್ಗದ ಸಪ್ಪಳವೇ ಅವಳಿಗೆ ತಾಳ. ಅಜ್ಜ ಹೋದ ಮೇಲೆ ಮಗ್ಗ ನಿಂತಿತು, ಪದವೂ ನಿಂತಿತು.

‘ಕಂಡಿಕಿ’ಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ‘ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಸಣ್ಣ ಕೊಳವೆ’ ಎಂದು ಬಿಡಿಸಿ ಹೇಳಿದೆ. ಗೊತ್ತಿಲ್ಲದ ಪದವನ್ನು ಹೀಗೆ ಬಿಡಿಸಿ ಹೇಳುವುದನ್ನೂ ಪರೀಕ್ಷೆಯಲ್ಲಿ ಒಳ್ಳೆಯ ಗುಣವೆಂದೇ ಲೆಕ್ಕ ಹಾಕುತ್ತಾರೆ. ಮೊದಲ ಸಲ ಟೈಮರ್ ಹೊಡೆದುಕೊಂಡಾಗ ನನ್ನ ಮಾತು ಇನ್ನೂ ಮುಗಿದಿರಲಿಲ್ಲ.

‘ಜನ ಯಾಕೆ ಹಾಡು ಕಲಿಯುತ್ತಾರೆ?’ ಎಂಬ ಚರ್ಚೆಯ ಪ್ರಶ್ನೆಗೂ ಹಾಳೆಯಲ್ಲಿ ‘ಮನರಂಜನೆಗಾಗಿ’ ಎಂದಿತ್ತು. ಇದನ್ನು ಗದಗ-ಬೆಟಗೇರಿಯ ಹುಡುಗಿ ಹೇಳಿದರೆ ಹೇಗೆ? ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಊಟ, ವಸತಿಯೊಂದಿಗೆ ಸಂಗೀತ ಕಲಿಯುತ್ತಾರೆ. ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, 2010ರಲ್ಲಿ ನಮ್ಮನ್ನಗಲಿದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಆ ಮಕ್ಕಳಿಗೆ ಹಾಡು ಅನ್ನ, ಊರೂರಿಗೆ ಕರೆದೊಯ್ಯುವ ದಾರಿ. ಭಾರತರತ್ನ ಪಡೆದ ಭೀಮಸೇನ ಜೋಶಿಯವರೂ ನಮ್ಮ ಜಿಲ್ಲೆಯವರೇ. ಹುಡುಗರಿದ್ದಾಗಲೇ ಗುರುವನ್ನು ಹುಡುಕುತ್ತಾ ಮನೆ ಬಿಟ್ಟು ಹೋದವರು. ಇಷ್ಟೆಲ್ಲ ಪಕ್ಕದಲ್ಲೇ ಇಟ್ಟುಕೊಂಡು ನಾನು ಟೇಲರ್ ಸ್ವಿಫ್ಟ್ ಹಿಂದೆ ಹೋಗಿದ್ದೆ!

ದಿನಾ ಸಂಜೆ ನನ್ನ ಇಂಗ್ಲಿಷ್ ಕೇಳುತ್ತಿದ್ದ ಅಜ್ಜಿ ಒಂದಿನ, ‘ಏನ್ ಹೇಳಾಕತ್ತಿ ಯವ್ವಾ, ನಡನಡಕ ಕಂಡಿಕಿ ಕಂಡಿಕಿ ಅಂತಿಯಲ್ಲ?’ ಎಂದಳು.

‘ನೀ ಪದಾ ಹಾಡತಿದ್ದೆಲ್ಲ, ಅದನ್ನ ಹೇಳಾಕತ್ತೀನಿ ಬೇ.’

‘ಪರದೇಶದ ಮಂದಿಗೆ ನನ್ನ ಪದಾ ಯಾಕ ಬೇಕಾಗೇತಿ?’ ಎಂದು ನಕ್ಕಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಎಷ್ಟೋ ವರ್ಷಗಳ ಮೇಲೆ ಒಂದು ನುಡಿ ಹಾಡಿದಳು. ದನಿ ನಡುಗುತ್ತಿತ್ತು. ಎರಡನೇ ನುಡಿಗೆ ನನಗೇ ಗೊತ್ತಿಲ್ಲದಂತೆ ದನಿ ಕೂಡಿಸಿದೆ. ಶ್ರುತಿ ತಪ್ಪಿತ್ತು. ಅಜ್ಜಿ ‘ಬಾಯಿ ಮುಚ್ಚು’ ಎನ್ನಲಿಲ್ಲ.

ಎರಡನೇ ಸಲ ಪರೀಕ್ಷೆಗೆ ಹೋದಾಗ ಹಾಡಿನ ಪ್ರಶ್ನೆ ಬರಲೇ ಇಲ್ಲ! ಮಳೆಯ ಬಗ್ಗೆ ಕೇಳಿದರು. ಮಳೆ ಬಂದರೆ ಮಗ್ಗದ ಕುಣಿಗೆ ನೀರು ನುಗ್ಗುತ್ತಿದ್ದುದು, ಅಜ್ಜ ನೂಲನ್ನು ಮೇಲೆ ಎತ್ತಿ ಕಟ್ಟುತ್ತಿದ್ದುದು ಹೇಳಿದೆ. 7 ಬಂತು.

ಊರಿಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕೇಳಿದಳು, ‘ನನ್ನ ಪದದ ಸುದ್ದಿ ಕೇಳಿದ್ರೇನ?’

‘ಇಲ್ಲ ಬೇ, ಮಳಿ ಬಗ್ಗೆ ಕೇಳಿದ್ರು.’

‘ಮಳಿ ಮ್ಯಾಲೂ ಪದಾ ಅದಾವಲ್ಲ ಹುಚ್ಚಿ, ನನ್ನ ಕೇಳೇ ಇಲ್ಲ ನೀ’ ಎಂದಳು.