ಹಳೆ ವ್ಯಾನು ಸ್ಲೋದಲ್ಲಿ ನಿಲ್ಲುವುದಿಲ್ಲವೇ? ಇಲಿಯನ್ನೂ ಸಂಶಯಿಸಿ!

ನಮ್ಮ ಮನೆಯ ಓಮ್ನಿ ೧೯೯೮ರ ಮಾಡೆಲ್. ಕಾರ್ಬ್ಯುರೇಟರಿನದ್ದು. ಅಡಿಕೆ ಗೋಣಿ, ಹಿಂಡಿ, ಗೊಬ್ಬರ, ನೆಂಟರು – ಎಲ್ಲವನ್ನೂ ಹೊತ್ತಿದೆ. ಕಂಪೆನಿ ೨೦೧೯ರಲ್ಲಿ ಓಮ್ನಿ ತಯಾರಿ ನಿಲ್ಲಿಸಿದರೂ ನಮ್ಮ ಕಡೆಯ ತೋಟದ ರಸ್ತೆಗಳಲ್ಲಿ ಅದಿನ್ನೂ ನಿವೃತ್ತಿಯಾಗಿಲ್ಲ.

೨೦೨೪ರ ಮಳೆಗಾಲದಲ್ಲಿ ಇದಕ್ಕೊಂದು ರೋಗ ಸುರುವಾಯಿತು. ಓಡುವಾಗ ಏನೂ ತೊಂದರೆಯಿಲ್ಲ. ಹಂಪ್ ಬಂತು, ಎಕ್ಸಲೇಟರಿನಿಂದ ಕಾಲು ತೆಗೆದೆ ಅನ್ನುವಷ್ಟರಲ್ಲಿ ಎಂಜಿನ್ ಗಡಗಡ ನಡುಗಿ ಆಫ್. ಗೇರೇಜಿನವರು ಸ್ಲೋ ಸ್ಕ್ರೂ ಏರಿಸಿದರು. ಎರಡು ದಿನ ಸರಿಯಿತ್ತು. ಮತ್ತೆ ಅದೇ ಕತೆ. "ಅಣ್ಣಾ, ಕಾರ್ಬ್ಯುರೇಟರ್ ಹೋಗಿದೆ, ಬೇರೆ ಹಾಕ್ಬೇಕು" ಅಂದರು. ಹಾಕಿದೆವು. ೪,೬೦೦ ರೂಪಾಯಿ ಹೋಯಿತು, ರೋಗ ಹೋಗಲಿಲ್ಲ.

ಜುಲೈಯ ಒಂದು ರಾತ್ರಿ ಅಮ್ಮನಿಗೆ ಉಬ್ಬಸ ಜೋರಾಯಿತು. ಆಸ್ಪತ್ರೆಗೆ ೧೮ ಕಿಲೋಮೀಟರ್. ಸುರಿವ ಮಳೆ. ಏರಿನ ತಿರುವಿನಲ್ಲಿ ಎದುರು ಬಸ್ಸು ಬಂತೆಂದು ನಿಲ್ಲಿಸಿದೆ, ವ್ಯಾನು ಸತ್ತಿತು. ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಎದ್ದಿತು. ಹಿಂದಿನ ಸೀಟಿನಲ್ಲಿ ಅಮ್ಮ ಉಸಿರಿಗೆ ಒದ್ದಾಡುತ್ತಿದ್ದರು. ಆ ಐದು ನಿಮಿಷ ನನಗೆ ಈಗಲೂ ಮರೆಯುವುದಿಲ್ಲ. ಅಮ್ಮ ಹುಷಾರಾದರು. ಮಗ ಮಾತ್ರ "ಅಪ್ಪಾ, ಇದನ್ನು ಗುಜರಿಗೆ ಕೊಡುವ" ಎಂದು ಪಟ್ಟು ಹಿಡಿದ. ಕೊಡುವ ಮೊದಲು ಒಮ್ಮೆ ನಾನೇ ನೋಡುತ್ತೇನೆಂದು ಕೂತೆ. ಆಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮಾರುತಿ ೮೦೦ ಇದ್ದವರಿಗೂ ಇದು ಆದೀತು. ಎರಡರದ್ದೂ ಅದೇ ೭೯೬ ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್.

ಸ್ಲೋ ಎಂದರೇನು?

ಹನಿ ನೀರಾವರಿ ಮಾಡಿದವರಿಗೆ ಇದು ಬೇಗ ಅರ್ಥವಾದೀತು. ಎಕ್ಸಲೇಟರ್ ಬಿಟ್ಟಾಗ ಕಾರ್ಬ್ಯುರೇಟರಿನ ಗಾಳಿಯ ಬಾಗಿಲು ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತದೆ. ಗೇಟ್‌ವಾಲ್ವ್ ಒಂದು ಎಳೆಯಷ್ಟು ಬಿಟ್ಟ ಹಾಗೆ. ಆಗ ಪೆಟ್ರೋಲ್ ಬರುವುದು ದೊಡ್ಡ ಜೆಟ್ಟಿನಿಂದಲ್ಲ, ಸೂಜಿಮೊನೆಯಂತಹ ಸ್ಲೋ ಜೆಟ್ಟಿನಿಂದ. ಅದೊಂದು ಡ್ರಿಪ್ಪರ್. ಒಂದು ಕಣ ಕಸ ಸಿಕ್ಕಿದರೆ ಮುಗಿಯಿತು.

ಇನ್ನೊಂದು ಸಂಗತಿ. ಬಾಗಿಲು ಮುಚ್ಚಿದ್ದಾಗ ಮ್ಯಾನಿಫೋಲ್ಡಿನ ಒಳಗೆ ಹೀರುವ ಬಲ ಜಾಸ್ತಿ. ಎಲ್ಲಾದರೂ ಸಣ್ಣ ತೂತಿದ್ದರೆ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ. ಪೆಟ್ರೋಲ್ ಪಾಲು ಕಡಿಮೆಯಾಗಿ ಎಂಜಿನ್ ನಿಲ್ಲುತ್ತದೆ. ವೇಗದಲ್ಲಿ ಓಡುವಾಗ ಎಂಜಿನ್ ಎಳೆಯುವ ಗಾಳಿಯೇ ಅಷ್ಟಿರುವುದರಿಂದ ಈ ಕಳ್ಳಗಾಳಿ ಲೆಕ್ಕಕ್ಕೇ ಬರುವುದಿಲ್ಲ. "ಓಡುವಾಗ ಚಂದ, ನಿಂತಾಗ ಸಾವು" – ಇದರ ಗುಟ್ಟು ಇದು.

ಮೊದಲು ಚೋಕ್ ಪರೀಕ್ಷೆ

ಖರ್ಚಿಲ್ಲದ ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಚೋಕನ್ನು ಸ್ವಲ್ಪವೇ ಎಳೆಯಿರಿ.

ಎಂಜಿನ್ ಸುಧಾರಿಸಿತೋ? ಪೆಟ್ರೋಲ್ ಕಮ್ಮಿ ಅಥವಾ ಗಾಳಿ ಹೆಚ್ಚು ಎಂದರ್ಥ. ಸ್ಲೋ ಜೆಟ್ ಕಟ್ಟಿರಬಹುದು, ಇಲ್ಲವೇ ಕಳ್ಳಗಾಳಿ.

ಇನ್ನಷ್ಟು ಹಾಳಾಗಿ ಕಪ್ಪು ಹೊಗೆ ಬಂತೋ? ಪೆಟ್ರೋಲ್ ಹೆಚ್ಚು. ಏರ್‌ಫಿಲ್ಟರ್ ಕಟ್ಟಿದೆಯೇ, ಚೋಕ್ ಪೂರ್ತಿ ಹಿಂದೆ ಹೋಗುತ್ತಿದೆಯೇ, ಫ್ಲೋಟ್ ಸೂಜಿ ಸೋರುತ್ತಿದೆಯೇ ನೋಡಿ.

ಎಂತದ್ದೂ ವ್ಯತ್ಯಾಸವಿಲ್ಲ, ಲಯ ತಪ್ಪಿ ಕುಂಟುತ್ತದೆ ಎಂದಾದರೆ ಕರೆಂಟಿನ ಕಡೆ ನೋಡಬೇಕು.

ನನ್ನದು ಚೋಕ್ ಎಳೆದಾಗ ಸರಿಯಾಯಿತು. ಹೊಸ ಕಾರ್ಬ್ಯುರೇಟರಿನಲ್ಲೂ ಹೀಗಾದರೆ ಜೆಟ್ಟಿನ ಮೇಲಿನ ಸಂಶಯ ಕಡಿಮೆ. ಉಳಿದದ್ದು ಕಳ್ಳಗಾಳಿ.

ಕಳ್ಳನನ್ನು ಹಿಡಿದ ಬಗೆ

ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್ ಮಾಡಿ, ವ್ಯಾನನ್ನು ಅಂಗಳದಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಲೇಬಾರದು, ಆ ಹೊಗೆ ಪ್ರಾಣ ತೆಗೆಯುತ್ತದೆ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿ. ಸೀಟು ಎತ್ತಿ ಬಗ್ಗುವಾಗ ಲುಂಗಿ, ಬೈರಾಸು ಬೆಲ್ಟಿಗೆ ಸಿಗದಂತೆ ನೋಡಿಕೊಳ್ಳಿ. ಬೀಡಿ ದೂರವಿರಲಿ.

ಹನಿ ನೀರಾವರಿಯ ಲ್ಯಾಟರಲ್ ಪೈಪಿನ ಎರಡು ಅಡಿ ತುಂಡು ತೆಗೆದುಕೊಂಡೆ. ಒಂದು ತುದಿ ಕಿವಿಗೆ, ಇನ್ನೊಂದನ್ನು ಮ್ಯಾನಿಫೋಲ್ಡಿನ ಸುತ್ತ ಆಡಿಸಿದೆ. ಒಂದು ಕಡೆ "ಸ್ಸ್ಸ್" ಎಂಬ ಶಬ್ದ. ಅಲ್ಲಿಗೆ ಕೈಯ ಸ್ಪ್ರೇ ಬಾಟಲಿಯಿಂದ ಸ್ವಲ್ಪವೇ ನೀರು ಸಿಂಪಡಿಸಿದೆ. ಎಂಜಿನ್ನಿನ ಲಯ ಆ ಕ್ಷಣಕ್ಕೆ ಬದಲಾಯಿತು; ನೀರು ತೂತನ್ನು ಮುಚ್ಚಿತ್ತು. ಕೆಲವರು ನೀರಿನ ಬದಲು ಪೆಟ್ರೋಲ್ ಚಿಮುಕಿಸುತ್ತಾರೆ. ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಗೆ ಆಮಂತ್ರಣ, ಬೇಡ. ಡಿಸ್ಟ್ರಿಬ್ಯೂಟರಿಗೂ ನೀರು ತಾಗಬಾರದು.

ಎಂಜಿನ್ನಿನ ಒಳಗಿನ ಹೊಗೆಯನ್ನು ತಿರುಗಿ ಮ್ಯಾನಿಫೋಲ್ಡಿಗೆ ಒಯ್ಯುವ ರಬ್ಬರ್ ಪೈಪು ಅದು. ಬಿಚ್ಚಿ ತಿರುಗಿಸಿದರೆ ಅಡಿಭಾಗದಲ್ಲಿ ಹಲ್ಲಿನ ಗುರುತು! ಮೇಲಿಂದ ನೋಡಿದವರಿಗೆ ಕಾಣುವ ಹಾಗೇ ಇಲ್ಲ. ವ್ಯಾನಿನಲ್ಲಿ ಉದುರಿದ ಹಿಂಡಿಗೆ ಬಂದ ಇಲಿ, ಬೆಚ್ಚಗಿನ ಜಾಗವೆಂದು ಅಲ್ಲೇ ಬಿಡಾರ ಮಾಡಿತ್ತು.

ಹೊಸ ಪೈಪು, ಎರಡು ಕ್ಲಿಪ್ ಸೇರಿ ೯೦ ರೂಪಾಯಿ. ತೋಟದ ಪೈಪಿನ ತುಂಡು ಹಾಕಬೇಡಿ. ಬಿಸಿಗೆ, ಎಣ್ಣೆಗೆ ಅದು ಮೆತ್ತಗಾಗುತ್ತದೆ. ಎಣ್ಣೆ ತಡೆಯುವ ರಬ್ಬರೇ ಬೇಕು.

ಇಲಿ ಇಲ್ಲದಿದ್ದರೂ ಕಳ್ಳಗಾಳಿ ಬರುವ ದಾರಿಗಳುಂಟು. ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್, ಅಲ್ಲಿನ ಸಡಿಲ ನಟ್ಟುಗಳು, ಬ್ರೇಕ್ ಬೂಸ್ಟರ್ ಇದ್ದ ವಾಹನದಲ್ಲಿ ಅದರ ಪೈಪು. ನಟ್ಟನ್ನು ಹದವಾಗಿ, ಎರಡೂ ಬದಿ ಸಮವಾಗಿ ಬಿಗಿಯಿರಿ. ಬಲ ಹಾಕಿದರೆ ಬುಡ ಸೊಟ್ಟಗಾಗಿ ಸೋರಿಕೆ ಹೆಚ್ಚುತ್ತದೆ.

ಜೆಟ್ ಕಟ್ಟಿದ್ದರೆ

ಕಾರ್ಬ್ಯುರೇಟರಿನಲ್ಲಿ ವಯರ್ ಇರುವ ಒಂದು ಸಣ್ಣ ಸೊಲೆನಾಯ್ಡ್ ಉಂಟು. ಕೀ ತಿರುಗಿಸಿದಾಗ ಸ್ಲೋ ಪೆಟ್ರೋಲಿನ ದಾರಿ ತೆರೆಯುವುದು ಅದರ ಕೆಲಸ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದರೆ "ಟಿಕ್" ಎನ್ನಬೇಕು. ಶಬ್ದವಿಲ್ಲವೆಂದರೆ ವಯರಿನ ಸಂದು ನೋಡಿ. ಎಷ್ಟೋ ಕಡೆ ಕಿಲುಬು ಹಿಡಿದ ಒಂದು ಸಂದಿಗಾಗಿ ಕಾರ್ಬ್ಯುರೇಟರನ್ನೇ ಬದಲಿಸುತ್ತಾರೆ.

ಜೆಟ್ಟಿಗೆ ತಂತಿ ತೂರಿಸಬೇಡಿ. ತೂತು ದೊಡ್ಡದಾದರೆ ಅದರ ಅಳತೆ ಹೋಯಿತು. ಕಾರ್ಬ್ಯುರೇಟರ್ ಕ್ಲೀನರ್ ಬಿಟ್ಟು ಗಾಳಿ ಹೊಡೆಯಿರಿ. ಪೆಟ್ರೋಲ್ ಫಿಲ್ಟರನ್ನೂ ಬದಲಿಸಿ.

ಮಿಸ್ಸಿಂಗ್ ಇದ್ದರೆ

ಮೂರು ಪ್ಲಗ್ ತೆಗೆದು ಸಾಲಾಗಿಡಿ. ಕಾಫಿ ಹುಡಿಯ ಬಣ್ಣವಾದರೆ ಒಳ್ಳೆಯದು. ಮಸಿಯಂತೆ ಕಪ್ಪಾದರೆ ಪೆಟ್ರೋಲ್ ಹೆಚ್ಚು, ಬಿಳಿಯಾದರೆ ಕಮ್ಮಿ, ಎಣ್ಣೆಯಲ್ಲಿ ತೊಯ್ದಿದ್ದರೆ ಎಂಜಿನ್ ಕೆಲಸ ಬಂದಿರಬಹುದು. ಪ್ಲಗ್ಗಿನ ಸಂದು ೦.೭ರಿಂದ ೦.೮ ಮಿಲಿಮೀಟರ್, ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಸಂದು ೦.೪ರಿಂದ ೦.೫ ಮಿಲಿಮೀಟರ್ ಇರಲಿ. ನಮ್ಮ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ತೇವ ಕೂರುವುದು ಸಾಮಾನ್ಯ, ಒಣಬಟ್ಟೆಯಲ್ಲಿ ಒರೆಸಿ. ಇಷ್ಟರಲ್ಲೂ ಕುಂಟಿದರೆ ಟ್ಯಾಪೆಟ್, ಕಂಪ್ರೆಷನ್ ನೋಡಿಸಿ. ಅದು ಗೇರೇಜಿನ ಕೆಲಸವೇ.

ಸ್ಕ್ರೂ ಕೊನೆಗೆ

ಸ್ಕ್ರೂ ತಿರುಗಿಸುವುದು ಕೊನೆಯ ಕೆಲಸ, ಮೊದಲನೆಯದ್ದಲ್ಲ. ರೋಗ ಇಟ್ಟುಕೊಂಡು ಸ್ಲೋ ಏರಿಸಿದರೆ ಇಳಿಜಾರಿನಲ್ಲಿ ಕಾಲು ತೆಗೆದರೂ ವಾಹನ ನೂಕುತ್ತದೆ, ಬ್ರೇಕ್ ಸವೆಯುತ್ತದೆ, ಪೆಟ್ರೋಲ್ ಕುಡಿಯುತ್ತದೆ.

ಎಂಜಿನ್ ಬಿಸಿಯಾಗಿರಲಿ, ಚೋಕ್ ಪೂರ್ತಿ ಒಳಗಿರಲಿ. ಮಿಕ್ಸ್ಚರ್ ಸ್ಕ್ರೂ ಈಗ ಎಲ್ಲಿದೆ ಎಂದು ಗುರುತು ಮಾಡಿಕೊಳ್ಳಿ. ಕಾಲುಸುತ್ತಿನಂತೆ ಅತ್ತಿತ್ತ ತಿರುಗಿಸಿ, ಎಂಜಿನ್ ಅತಿ ವೇಗವಾಗಿ, ನಯವಾಗಿ ಓಡುವ ಜಾಗ ಹುಡುಕಿ. ಅಲ್ಲಿಂದ ಸ್ಪೀಡ್ ಸ್ಕ್ರೂ ಇಳಿಸಿ. ಎರಡು-ಮೂರು ಸಲ ಹೀಗೆ ಮಾಡಿದರೆ ಹದ ಸಿಗುತ್ತದೆ. ನಿಮಿಷಕ್ಕೆ ಸುಮಾರು ೯೦೦ ಸುತ್ತು ಸಾಕು. ಆಮೇಲೆ ಹೊಗೆ ಪರೀಕ್ಷೆ ಮಾಡಿಸಿ. ಬಿಎಸ್-೨ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಸ್ಲೋದಲ್ಲಿ ಕಾರ್ಬನ್ ಮೊನಾಕ್ಸೈಡಿನ ಮಿತಿ ಶೇಕಡಾ ೩. ಆ ಚೀಟಿ ಪೋಲೀಸರಿಗೆ ಮಾತ್ರವಲ್ಲ, ನಿಮ್ಮ ಟ್ಯೂನಿಂಗಿಗೆ ಸಿಕ್ಕ ಮಾರ್ಕು ಕೂಡಾ.

ಈಗಿನ ಪೆಟ್ರೋಲ್

ಬಂಕಿನಲ್ಲಿ ಈಗ ಶೇಕಡಾ ೨೦ ಎಥನಾಲ್ ಬೆರೆಸಿದ ಪೆಟ್ರೋಲ್ ಸಿಗುತ್ತಿದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ, ಹಳೆ ಅಳತೆಯ ಜೆಟ್ಟಿಗೆ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಕಾರ್ಬ್ಯುರೇಟರ್ ತಾನಾಗಿ ಹೊಂದಿಸಿಕೊಳ್ಳಲಾರದು. ಹಳೆ ರಬ್ಬರಿಗೂ ಇದು ಹಿತವಲ್ಲ. ನೀರನ್ನೂ ಹೀರುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಇಡಬೇಡಿ. ವಾರಕ್ಕೊಮ್ಮೆಯಾದರೂ ವಾಹನ ಓಡಿಸಿ. ವರ್ಷಕ್ಕೊಮ್ಮೆ ಎಲ್ಲ ರಬ್ಬರ್ ಪೈಪು ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ.

ನಮ್ಮ ವ್ಯಾನು ಈಗ ಹಂಪಿನಲ್ಲಿ ಆಫ್ ಆಗುವುದಿಲ್ಲ. ಅಮ್ಮನನ್ನು ತಿಂಗಳ ತಪಾಸಣೆಗೆ ಅದರಲ್ಲೇ ಕರೆದೊಯ್ಯುತ್ತೇವೆ. ಮಗ ಗುಜರಿಯ ಮಾತು ಬಿಟ್ಟಿದ್ದಾನೆ. ಹಿಂಡಿ ತಂದ ದಿನ ವ್ಯಾನು ಗುಡಿಸುವ ಕೆಲಸ ಈಗ ಅವನದ್ದೇ.